ಹಿಂದಕ್ಕೆ ತಿರುಗಿದ ಕುದುರೆ

ಕಡಲ ಪಕ್ಕದ ಕಣಿವೆ, ಕ್ಯಾಲಿಫೋರ್ನಿಯಾ
೧೪ ಸೆಪ್ಟೆಂಬರ್ ೧೯೧೩

ಇನೋಸ್ ಭಾವ,

ಕುದುರೆ ಇನ್ನೂ ನಿನ್ನನ್ನ ಹೊರುತ್ತಾ, ಇಲ್ಲ ನೀನೇ ಅದನ್ನ ಹೊರೋ ಕಾಲ ಬಂತಾ? ನಮ್ಮಕ್ಕ ಕರಿದ ರೊಟ್ಟಿ ಮಾಡೋದು ನಿಲ್ಲಿಸೋವರೆಗೂ ನೀನು ಉದ್ಧಾರ ಆಗಲ್ಲ.

ಮಾತು ನನ್ನದು, ಅಕ್ಷರ ಅಗಾಥಾ ಚಿಕ್ಕಮ್ಮನದು. ಅವರು ಇಲ್ಲಿ ಬಟ್ಟೆ ಡೇರೆಯಲ್ಲಿ ಕೂತು ಅಂಗಿಗಳಿಗೆ ಮಣಿ ಹೊಲೀತಾರೆ. ನಾನು ಮಿಷನ್ ಸ್ಕೂಲಿಂದ ಓಡಿಹೋದಾಗ ಅಕ್ಷರಗಳು ಅಲ್ಲೇ ಉಳಿದ್ವಲ್ಲ. ನಾನು ಓಡಾಡ್ತಾ ಹೇಳ್ತೀನಿ, ಅವರು ಬರೀತಾರೆ. 'ಒಂದು ಕಡೆ ಕೂತು ಹೇಳೋ' ಅಂತ ಈಗಲೂ ಬೈತಿದ್ದಾರೆ.

ಭಾವ, ಇಲ್ಲಿ ಏನು ನಡೀತಿದೆ ಅಂತ ನನಗೇ ಗೊತ್ತಾಗ್ತಿಲ್ಲ. ಬೆಳಿಗ್ಗೆ ಗರಿ ಕಟ್ಟಿ, ಬಣ್ಣ ಬಳ್ಕೊಂಡು, ಗುಡ್ಡದಿಂದ ಇಳಿದು ಬಿಳಿಯರ ಬಂಡಿಗಳ ಸುತ್ತ ಕುದುರೆ ಓಡಿಸ್ತೀವಿ. ಸಿಳ್ಳೆ ಊದೋವರೆಗೂ ಸುತ್ತೋದೇ. 'ಯಾಕೆ ಸುತ್ತಬೇಕು, ನೇರ ಹೋಗಿ ಹೊಡೀಬಾರದಾ?' ಅಂತ ಧಣಿಯನ್ನ ಕೇಳಿದೆ. ಈ ಓಡೋ ಚಿತ್ರ ತೆಗೆಯೋವನನ್ನ ನಾವು ಧಣಿ ಅಂತೀವಿ. 'ಸುತ್ತದೇ ಇದ್ರೆ ನೀವು ಯಾರು ಅಂತ ಜನಕ್ಕೆ ಹೇಗಯ್ಯಾ ಗೊತ್ತಾಗತ್ತೆ?' ಅಂದ.

ಊಟ ಆದಮೇಲೆ ಬಣ್ಣ ತೊಳೆದು, ನೀಲಿ ಕೋಟು ಹಾಕ್ಕೊಂಡು, ಅದೇ ಗುಡ್ಡದ ಮೇಲೆ ಸಿಪಾಯಿಗಳಾಗಿ ನಿಲ್ತೀವಿ. ಬೆಳಿಗ್ಗೆ ನಾನು ಬಂದ ದಾರಿಗೆ ಮಧ್ಯಾಹ್ನ ನಾನೇ ಗುಂಡು ಹಾರಿಸ್ತೀನಿ. ಮೊನ್ನೆ ಪರದೆ ಮೇಲೆ ತೋರಿಸಿದ್ರು: ಎರಡನ್ನೂ ಕತ್ತರಿಸಿ ಅಂಟಿಸಿದ್ದಾರೆ, ನಾನು ನನ್ನನ್ನೇ ಕೊಂದಿದ್ದೀನಿ. ಪಕ್ಕದಲ್ಲಿ ಕೂತವನು 'ಯಾರು ಗೆದ್ರು?' ಅಂದ.

ಚಿತ್ರ ಹಿಡಿಯೋ ಪೆಟ್ಟಿಗೆಗೆ ಒಂದೇ ಕಣ್ಣು. ಹಿಡಿ ತಿರುಗಿಸ್ತಾ ಇದ್ರೆ ಕಂಡದ್ದನ್ನೆಲ್ಲಾ ನುಂಗತ್ತೆ. ನುಂಗಿದ್ದನ್ನ ಮರೆಯಲ್ಲ. ಹೋದ ವರ್ಷ ಸತ್ತ ಕುದುರೆ ಇನ್ನೂ ಪರದೆ ಮೇಲೆ ಓಡ್ತಿದೆ, ಭಾವ.

ಧಣಿ ಈಗ, ಮೂವತ್ತೇಳು ವರ್ಷದ ಹಿಂದೆ ನಮ್ಮವರು ನೀಲಿ ಕೋಟಿನವರನ್ನ ಸೋಲಿಸಿದ್ರಲ್ಲ, ಆ ಜಿಡ್ಡುಹುಲ್ಲಿನ ಹೊಳೆಯ ಕಾಳಗದ ಮೇಲೆ ದೊಡ್ಡ ಚಿತ್ರ ತೆಗೀತಾನಂತೆ. ಅಲ್ಲಿ ನಿಜವಾಗಿ ಕಾದಾಡಿದ ಹಿರಿಯರೊಬ್ಬರು ಬೇಕಂತೆ. ದೊಡ್ಡಪ್ಪನ ಹೆಸರು ಹೇಳಿದ್ದೀನಿ. ಬರ್ತಾರಾ ಕೇಳು.

ಇನ್ನೊಂದು ಮಾತು, ಇದು ತಮಾಷೆ ಅಲ್ಲ: ಧಣಿ ತನ್ನ ಮಗಳನ್ನ ನನಗೆ ಕೊಡ್ತೀನಿ ಅಂದಿದ್ದಾನೆ.

ಲೆವೈ


ಮುಳ್ಳುಹಂದಿ ಹಳ್ಳ, ಪೈನ್ ರಿಡ್ಜ್ ಇಂಡಿಯನ್ ಮೀಸಲು ಪ್ರದೇಶ
೯ ಅಕ್ಟೋಬರ್ ೧೯೧೩

ಸಾಯುವುದನ್ನೇ ಕಸುಬು ಮಾಡಿಕೊಂಡ ಮೈದುನನಿಗೆ,

ಧಣಿಯ ಮಗಳ ಸುದ್ದಿಯನ್ನು ನಂಬಿ ನಾನು ಪಾದ್ರಿಗಳಿಗೂ ಹೇಳಿಬಿಟ್ಟೆ. ಭಾನುವಾರ ಅವರು ನಿನ್ನ ಮದುವೆಗಾಗಿ ಇಡೀ ಸಭೆಯಿಂದ ಪ್ರಾರ್ಥನೆ ಮಾಡಿಸಿದರು. ಆಮೇಲೆ ಅಗಾಥಾ ಚಿಕ್ಕಮ್ಮನ ತಂಗಿ ಎದ್ದು, ಆ ಮನುಷ್ಯನಿಗೆ ಮಕ್ಕಳೇ ಇಲ್ಲ ಎಂದಳು. ಭಾವ ಮೈದುನರು ಒಬ್ಬರನ್ನೊಬ್ಬರು ಮೂದಲಿಸದಿದ್ದರೆ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ನಮ್ಮವರು ಅಂದುಕೊಳ್ಳುತ್ತಾರೆ, ಒಪ್ಪಿದೆ. ಆದರೆ ಪಾದ್ರಿಗಳು ಇನ್ನೂ ನನ್ನ ಮುಖ ನೋಡುತ್ತಿಲ್ಲ. ಇನ್ನು ಮುಂದೆ ನೀನು 'ತಮಾಷೆ ಅಲ್ಲ' ಎಂದು ಬರೆದರೆ ನಾನು ಹೊಟ್ಟೆ ಹಿಡಿದುಕೊಂಡು ನಗುವವನೇ.

ನಿನ್ನ ಅಕ್ಕ ಚೆನ್ನಾಗಿದ್ದಾಳೆ. ಹೆಣ್ಣುಮಗಳು ಬೆಳೆದ ತಮ್ಮನೊಂದಿಗೆ ನೇರವಾಗಿ ಮಾತಾಡುವಂತಿಲ್ಲವಲ್ಲ. ಕಾಗದದಲ್ಲೂ ಡೋರ್ಕಸ್ ಆ ಮರ್ಯಾದೆ ಬಿಡುವುದಿಲ್ಲ. ಒಲೆಯ ಕಡೆ ತಿರುಗಿ, "ಅಲ್ಲಿ ಚಳಿ ಇದ್ಯೋ ಏನೋ, ಹೊದೆಯೋಕೆ ಏನಾದ್ರೂ ಇದ್ಯೋ ಏನೋ" ಎನ್ನುತ್ತಾಳೆ. ಒಲೆಯ ಪರವಾಗಿ ನಾನು ಬರೆಯುತ್ತಿದ್ದೇನೆ. ಉತ್ತರ ಕೊಡು.

ಕಾಗೆರೆಕ್ಕೆ ಅಜ್ಜ ಹೋದ ವಾರ ತೀರಿಕೊಂಡರು. ಇದರ ಅರ್ಥ ನಿನಗೆ ಬಿಡಿಸಿ ಹೇಳಬೇಕಿಲ್ಲ. ಹೊಳೆಯ ಕಾಳಗದಲ್ಲಿ ನಿಮ್ಮಪ್ಪನ ಕುದುರೆ ಬಿದ್ದಾಗ, ಗುಂಡುಗಳ ನಡುವೆ ದೊಡ್ಡಪ್ಪ ಹಿಂದಕ್ಕೆ ತಿರುಗಿ ತಮ್ಮನನ್ನು ಎತ್ತಿಕೊಂಡು ಬಂದದ್ದನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವರು ಅವರೊಬ್ಬರೇ. ಪ್ರತಿ ಜುಲೈ ಕೂಟದಲ್ಲಿ ದೊಡ್ಡಪ್ಪ ಎದ್ದು ಹೇಳುವುದು, ಅಜ್ಜ "ನಾನು ಕಂಡೆ" ಎನ್ನುವುದು, ನಗಾರಿಗೆ ಒಂದು ಪೆಟ್ಟು ಬೀಳುವುದು. ನಿಮ್ಮಪ್ಪನೂ ಇಲ್ಲ, ಈಗ ಅಜ್ಜನೂ ಇಲ್ಲ. ನಾನು "ನಮಗೆಲ್ಲಾ ಗೊತ್ತಲ್ಲ ದೊಡ್ಡಪ್ಪ, ನೀವು ಹೇಳಿ" ಎಂದೆ. "ಕಂಡವರು ಇಲ್ದೇ ಇದ್ರೆ ಅದು ಹರಟೆ ಕಣಯ್ಯಾ. ನಾನು ಹರಟೆ ಹೊಡೆಯೋಕೆ ಏಳೋನಲ್ಲ" ಎಂದರು.

ನಿನ್ನ ಕಾಗದ ಓದಿ ಹೇಳಿದೆ. ಪೆಟ್ಟಿಗೆಯ ಮಾತು ಬಂದಲ್ಲಿ ಕೈ ಎತ್ತಿ ನಿಲ್ಲಿಸಿದರು.

"ಅದು ಕಂಡದ್ದನ್ನ ಮರೆಯಲ್ವಾ?"

"ಮರೆಯಲ್ಲ ಅಂತ ಬರೆದಿದ್ದಾನೆ."

"ಸಾಯಲ್ವಾ?"

"ಪೆಟ್ಟಿಗೆ ಹೇಗೆ ಸಾಯತ್ತೆ, ದೊಡ್ಡಪ್ಪಾ?"

ಎದ್ದು ನಿಂತು "ಹೋಗ್ತೀನಿ" ಎಂದರು. ಅಲ್ಲಿ ಸೋತವರಂತೆ ನಟಿಸಿ ಬೀಳಬೇಕು ಎಂದೆ. "ನಾನು ಬೀಳೋಕೆ ಹೋಗ್ತಿಲ್ಲ, ಕಾಣಿಸ್ಕೊಳ್ಳೋಕೆ ಹೋಗ್ತಿದ್ದೀನಿ" ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಮೀಸಲು ಪ್ರದೇಶದ ಸರ್ಕಾರಿ ಏಜೆಂಟರು ಹೊರಗೆ ಹೋಗಲು ಅಪ್ಪಣೆ ಕೊಟ್ಟಿದ್ದಾರೆ. ಕ್ರಿಸ್ಮಸ್ಸಿಗೆ ಮೊದಲು ರೈಲು ಹತ್ತಿಸುತ್ತೇನೆ. ನೀನು ಸಾಯುವುದರಿಂದ ಬಿಡುವು ಮಾಡಿಕೊಂಡು ಸ್ಟೇಷನ್ನಿಗೆ ಹೋಗು.

ಇನೋಸ್


ಕಣಿವೆ
೨೫ ಜನವರಿ ೧೯೧೪

ಭಾವ,

ಒಲೆಗೆ ಹೇಳು: ಚಳಿ ಇಲ್ಲ, ಹೊದಿಕೆ ಇದೆ, ದಿನಾ ಕಾಳು ಬೇಯಿಸಿ ಹಾಕ್ತಾರೆ, ಇಡೀ ಡೇರೆ ಅದರ ಫಲ ಅನುಭವಿಸ್ತಿದೆ.

ದೊಡ್ಡಪ್ಪ ಬಂದ್ರು. ಇಳಿದವರೇ ಕಡಲನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, 'ಅದೆಲ್ಲಿ?' ಅಂತ ಕೇಳಿದ್ರು. ಪೆಟ್ಟಿಗೆ ಹತ್ರ ಕರ್ಕೊಂಡು ಹೋದೆ. ಸುತ್ತ ಹೋಗಿ ನೋಡಿದ್ರು. ಅದರ ಕಣ್ಣಿನ ಮುಂದೆ ನಿಂತು ತಮ್ಮ ಹೆಸರು ಹೇಳಿದ್ರು. 'ಅದಕ್ಕೆ ಕಿವಿ ಇಲ್ಲ ದೊಡ್ಡಪ್ಪ' ಅಂದೆ. 'ಕಿವಿ ಇಲ್ಲದ ಸಾಕ್ಷಿನಾ?' ಅಂತ ಒಂದು ಥರಾ ನೋಡಿದ್ರು. ಆಗ ನನಗೆ ಗೊತ್ತಾಯ್ತು ಅವರು ಯಾಕೆ ಬಂದಿದ್ದಾರೆ ಅಂತ. ಪೆಟ್ಟಿಗೆ ಎದುರಿಗೆ ಆ ಹಳೇ ಸಾಹಸವನ್ನ ಇನ್ನೊಂದು ಸಲ ಮಾಡಿಬಿಟ್ರೆ ಕಾಗೆರೆಕ್ಕೆ ಅಜ್ಜನ ಜಾಗ ತುಂಬತ್ತೆ ಅಂತ ಅವರ ಲೆಕ್ಕ. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ಕಾಳಗದ ದಿನ ಧಣಿ ಹೇಳಿದ: 'ಹೊಗೆ ಏಳತ್ತೆ, ನೀವೆಲ್ಲಾ ಬೀಳ್ತೀರಿ, ನಾನು ಸಿಳ್ಳೆ ಊದೋವರೆಗೂ ಸತ್ತವರು ಯಾರೂ ಅಲ್ಲಾಡಬಾರದು.' ದೊಡ್ಡಪ್ಪ ನನ್ನ ಕಡೆ ತಿರುಗಿ, 'ಆವತ್ತು ಬಿದ್ದದ್ದು ಅವರು ಅಂತ ಹೇಳು ಇವನಿಗೆ' ಅಂದ್ರು. ನಾನು ಧಣಿಗೆ, 'ಆಗಲಿ ಅಂತಿದ್ದಾರೆ' ಅಂತ ಹೇಳಿದೆ.

ಹೊಗೆ ಎದ್ದಿತು. ಎಲ್ರೂ ಬಿದ್ವಿ. ದೊಡ್ಡಪ್ಪ ಬೀಳಲಿಲ್ಲ. ಮುಂದೆ ದಾಟಿ ಹೋಗಿದ್ದವರು ಕುದುರೆ ಹಿಂದಕ್ಕೆ ತಿರುಗಿಸಿ ಬಂದು, ನನ್ನನ್ನ ಎತ್ತಿ ಬೆನ್ನ ಹಿಂದೆ ಹಾಕ್ಕೊಂಡು ಹೊರಟೇಬಿಟ್ರು. ಧಣಿ ಟೋಪಿ ತೆಗೆದು ನೆಲಕ್ಕೆ ಹೊಡೆದ. ಆಮೇಲೆ ಅದನ್ನೇ ಎತ್ತಿ ತಲೆ ಮೇಲಿಟ್ಕೊಂಡು, 'ಇದು ಬೇಕು, ಇದು ಇರಲಿ' ಅಂದ. ಅಷ್ಟೇ ನಡೆದದ್ದು.

ನನಗೆ ಬಡ್ತಿ ಸಿಕ್ಕಿದೆ, ಭಾವ. ಈಗ ಕುದುರೆ ಓಡಿಸೋ ಗೋಜಿಲ್ಲ, ಸುತ್ತೋದಿಲ್ಲ. ಬರೀ ಹೆಣದ ಪಾತ್ರ. ಬೆಳಿಗ್ಗೆ ಮಲಗಿದ್ರೆ ಊಟದ ಗಂಟೆಗೆ ಏಳೋದು. ನಿನ್ನ ಜನ್ಮಕ್ಕೆ ಹೇಳಿ ಮಾಡಿಸಿದ ಕೆಲಸ, ಬಂದುಬಿಡು.

ದೊಡ್ಡಪ್ಪ ಮುಂದಿನ ವಾರ ಹೊರಡ್ತಾರೆ.

ಲೆವೈ

ಬರೆದವಳ ಮಾತು: ಅವನು ಹೇಳದೇ ಇದ್ದದ್ದನ್ನ ನಾನು ಬರೀಬಾರದಂತೆ. ಬರೆದಿಲ್ಲ. ಡೋರ್ಕಸ್ ಚರ್ಮದ ಜೋಡು ಹೊಲಿದು ಕಳಿಸೋದಾದ್ರೆ ಎಡಗಾಲಿನದಕ್ಕೆ ದಪ್ಪ ಅಟ್ಟೆ ಹಾಕಲಿ. — ಅಗಾಥಾ


ಮುಳ್ಳುಹಂದಿ ಹಳ್ಳ
೨ ಮಾರ್ಚ್ ೧೯೧೪

ಬಡ್ತಿ ಪಡೆದ ಹೆಣಕ್ಕೆ,

ದೊಡ್ಡಪ್ಪ ಸುಖವಾಗಿ ತಲುಪಿದರು. ಅಲ್ಲಿ ಏನಾಯಿತು ಎಂದು ಊರೆಲ್ಲ ಕೇಳುತ್ತಿದೆ. ಬಾಯಿ ಬಿಡುವುದಿಲ್ಲ. "ಚಿತ್ರ ಬರಲಿ" ಎನ್ನುತ್ತಾರೆ. ನಾನು ನಿನ್ನ ಕಾಗದ ಓದಿದ್ದೇನೆ, ನೀನು ಬಿದ್ದಂತೆ ನಟಿಸಿದೆ, ಅವರು ಎತ್ತಿದಂತೆ ನಟಿಸಿದರು, ಇದರಲ್ಲಿ ಮುಚ್ಚಿಡುವುದು ಏನಿದೆ ಎಂದೆ. ನನ್ನನ್ನೇ ದಿಟ್ಟಿಸಿ ನೋಡಿ, "ಅವನು ಹಾಗೆ ಬರೆದಿದ್ದಾನಾ?" ಎಂದು ಕೇಳಿ ಎದ್ದು ಹೋದರು. ಎರಡು ದಿನ ನನ್ನೊಡನೆ ಮಾತಿಲ್ಲ. ನಾನೇನು ತಪ್ಪು ಮಾಡಿದೆನೋ ಗೊತ್ತಿಲ್ಲ.

ಒಂದೇ ಕಾಲಿಗೆ ದಪ್ಪ ಅಟ್ಟೆ ಯಾವ ಪಾತ್ರಕ್ಕೆ? ಕ್ಯಾಲಿಫೋರ್ನಿಯಾದ ನೆಲ ಒಂದು ಕಡೆಗೆ ವಾಲಿದೆಯೇ? ಇದನ್ನು ಹೇಳಿ ನಾನು ನಕ್ಕೆ. ಡೋರ್ಕಸ್ ನಗಲಿಲ್ಲ. ಜೋಡು ಹೊಲಿದಿದ್ದಾಳೆ, ಇದರೊಂದಿಗೆ ಕಳಿಸಿದ್ದೇನೆ. ಹೊಲಿಯುವಾಗ ಒಲೆಯ ಜೊತೆಗೂ ಮಾತಾಡಲಿಲ್ಲ.

ಇನೋಸ್


ಕಣಿವೆ
೧೦ ಮೇ ೧೯೧೪

ಭಾವ,

ಈ ಸಲ ಬೈಗುಳ ಇಲ್ಲ. ಗಮನ ಇಟ್ಟು ಓದು.

ಚಿತ್ರ ನಮಗೆ ತೋರಿಸಿದ್ರು. ದೊಡ್ಡಪ್ಪ ಕುದುರೆ ತಿರುಗಿಸೋದು ಇದೆ. ಹೊಗೆಯಲ್ಲಿ ಬಗ್ಗಿ ಯಾರನ್ನೋ ಎತ್ತೋದು ಇದೆ. ಆದ್ರೆ ನಾನು ಬಿದ್ದದ್ದನ್ನ ಕತ್ತರಿಸಿಬಿಟ್ಟಿದ್ದಾರೆ, ನನ್ನ ಮುಖ ಎಲ್ಲೂ ಇಲ್ಲ. ಆ ಜಾಗದಲ್ಲಿ ಒಬ್ಬ ಬಿಳೀ ಹುಡುಗಿ ಮುಖ ಅಂಟಿಸಿದ್ದಾರೆ, ಬಾಯಿ ಇಷ್ಟಗಲ ತೆಗೆದು ಕಿರುಚ್ತಾಳೆ. ಆಮೇಲೆ ಪರದೆ ತುಂಬಾ ಕಪ್ಪು ಹಲಗೆ, ಅದರ ಮೇಲೆ ಬರಹ. ಚಿಕ್ಕಮ್ಮ ಓದಿ ಹೇಳಿದ್ರು: 'ರೈತನ ಮುದ್ದಿನ ಮಗಳನ್ನು ನಿರ್ದಯಿ ಕಾಡುಮನುಷ್ಯ ಹೊತ್ತೊಯ್ದ.'

ಆ ಹುಡುಗಿ ಅವತ್ತು ಕಣಿವೆಯಲ್ಲೇ ಇರಲಿಲ್ಲ! ದೊಡ್ಡಪ್ಪ ಊರಿಗೆ ಹೋದಮೇಲೆ ಬಂದವಳು. 'ಇದು ಹೀಗೆ ನಡೀಲಿಲ್ಲ' ಅಂತ ಧಣಿಗೆ ಹೇಳಿದೆ. 'ಯಾವುದಯ್ಯಾ ಇಲ್ಲಿ ಹೇಗೆ ನಡೆದಿದೆ?' ಅಂತ ಬೆನ್ನು ತಟ್ಟಿದ. ಒಳ್ಳೇ ಮನುಷ್ಯನೇ, ಕೆಟ್ಟದ್ದು ಮಾಡಿದ್ದೀನಿ ಅಂತ ಅವನಿಗೆ ಹೊಳೀಲೇ ಇಲ್ಲ.

ದೊಡ್ಡಪ್ಪನನ್ನ ಚಿತ್ರಕ್ಕೆ ಕರ್ಕೊಂಡು ಹೋಗಬೇಡ. ಬಂಡಿ ಮುರೀತು ಅನ್ನು, ಕುದುರೆಗೆ ಹೊಟ್ಟೆನೋವು ಅನ್ನು. ಇದು ತಮಾಷೆ ಅಲ್ಲ, ಭಾವ.

ಲೆವೈ


ಮುಳ್ಳುಹಂದಿ ಹಳ್ಳ
೮ ಜೂನ್ ೧೯೧೪

ಲೆವೈ,

ನಿನ್ನ ಕಾಗದ ಚಿತ್ರಕ್ಕೆ ಮೊದಲೇ ಬಂದಿತ್ತು. ಮತ್ತೆ 'ತಮಾಷೆ ಅಲ್ಲ' ಎಂದಿದ್ದೆಯಲ್ಲ, ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕುದುರೆಗೆ ಹೊಟ್ಟೆನೋವು ಎಂಬಲ್ಲಿ ಅಕ್ಕಪಕ್ಕದವರನ್ನೂ ಕರೆದು ಓದಿ ಹೇಳಿದೆ. ಆಮೇಲೆ ದೊಡ್ಡಪ್ಪನನ್ನು ಬಂಡಿಯಲ್ಲಿ ಕೂರಿಸಿಕೊಂಡು ರೈಲ್ವೆ ಪಟ್ಟಣಕ್ಕೆ ಹೋದೆ.

ಮುಂದಿನ ಕುರ್ಚಿಗಳಲ್ಲಿ ಬಿಳಿಯರು, ಹಿಂದಿನ ಬೆಂಚುಗಳಲ್ಲಿ ನಮ್ಮವರು. ದೊಡ್ಡಪ್ಪ ಗರಿ ಮುಡಿದು ಬಂದಿದ್ದರು. ಪರದೆಯ ಮೇಲೆ ಅವರ ಕುದುರೆ ಹಿಂದಕ್ಕೆ ತಿರುಗಿದಾಗ ನಮ್ಮ ಹೆಂಗಸರು ನಾಲಿಗೆ ಆಡಿಸಿ ಜಯಕಾರ ಹಾಕಿದರು. ಆಮೇಲೆ ಆ ಹುಡುಗಿಯ ಮುಖ ಬಂತು, ಹಿಂದೆಯೇ ಹಲಗೆಯ ಬರಹ ಬಂತು. ಮುಂದಿನವರು ಛೀ ಥೂ ಎಂದು ಕಾಲಿನಿಂದ ನೆಲ ಬಡಿದರು. ಜಯಕಾರ ಅರ್ಧದಲ್ಲೇ ನಿಂತಿತು. ಯಾರಿಗೆ ಯಾಕೆ ಸಿಟ್ಟು ಬಂತೋ ನಮ್ಮ ಹೆಂಗಸರಿಗೆ ತಿಳಿಯಲಿಲ್ಲ.

"ಏನು ಬರೆದಿದೆ?" ಎಂದರು ದೊಡ್ಡಪ್ಪ.

"'ಇವನು ಹಿಂದಕ್ಕೆ ತಿರುಗಿ ಬಂದ' ಅಂತ."

"ಅಷ್ಟುದ್ದ ಇದೆಯಲ್ಲೋ?"

"ಅವರ ಮಾತೇ ಉದ್ದ, ದೊಡ್ಡಪ್ಪಾ."

"ಆ ಹೆಂಗಸು ಯಾರು?"

ನಾನು ಬಾಯಿ ತೆರೆಯುವ ಮೊದಲೇ "ಅಲ್ಲಿ ಹೆಂಗಸರೇ ಇರ್ಲಿಲ್ಲ," ಎಂದರು. ಮುಂದಿನವರು ಯಾಕೆ ನೆಲ ಬಡಿಯುತ್ತಿದ್ದಾರೆ ಎಂದು ಕೇಳಿದರು. ನಮ್ಮ ಬೆಂಚಿನ ಕೊನೆಯಲ್ಲಿ ಶಾಲೆ ಓದಿದ ಇಬ್ಬರು ಹುಡುಗರು ಕಿಸಕ್ಕೆಂದು ನಗುತ್ತಿದ್ದರು. ದೊಡ್ಡಪ್ಪ ಅವರನ್ನು ಕೇಳಿದರು. ಅವರು ಹಲಗೆಯ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು.

ಹಿಂತಿರುಗುವ ದಾರಿಯಲ್ಲಿ, ಹಳ್ಳ ದಾಟುವಾಗ ನಾನೇ, "ನಿಜವಾಗಿ ಏನಾಯ್ತು, ದೊಡ್ಡಪ್ಪಾ?" ಎಂದೆ. "ಕಂಡವರಿಲ್ಲದ್ದನ್ನ ನನ್ನ ಬಾಯಲ್ಲಿ ಕೇಳಬೇಡ," ಎಂದರು. "ಕುದುರೆ ಕೆಳಗೆ ಬಿದ್ದಿದ್ದೋನನ್ನ ಕೇಳು."

ಮನೆಗೆ ಬಂದು ಡೋರ್ಕಸ್‌ಗೆ ಹೇಳಿದೆ. ಅವಳು ಒಲೆಯ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿ, "ಎಡಗಾಲು" ಎಂದಳು. ಜೋಡು ಹೊಲಿದಾಗಿನಿಂದ ಅವಳಿಗೆ ಗೊತ್ತಿತ್ತಂತೆ. ನಾನೊಬ್ಬನೇ ನಗುತ್ತಿದ್ದೆ.

ಊರಲ್ಲಿ ಚಿಕ್ಕ ಹುಡುಗರು ಈಗ ದೊಡ್ಡಪ್ಪನನ್ನು ಕಂಡರೆ 'ಹೆಣ್ಣುಕಳ್ಳ' ಎಂದು ಪಿಸುಗುಟ್ಟುತ್ತಾರೆ. ಜುಲೈ ನಾಲ್ಕರ ಕೂಟದಲ್ಲಿ ಅವರು ಏಳದಿದ್ದರೆ ಆ ಹೆಸರೇ ನಿಲ್ಲುತ್ತದೆ. ಎದ್ದರೆ ಸಾಕ್ಷಿ ಬೇಕು. ಕುದುರೆಯ ಕೆಳಗೆ ಇದ್ದವನು ಯಾರು? ಬರೆ.

ಇನೋಸ್


ಕಣಿವೆ
೧೭ ಜೂನ್ ೧೯೧೪

ಭಾವ,

ಕೂತು ಹೇಳ್ತಿದ್ದೀನಿ. ಓಡಾಡ್ತಾ ಹೇಳೋಕೆ ಈಗ ಆಗಲ್ಲ.

ಹೊಗೆ ಎದ್ದಾಗ ನನ್ನ ಕುದುರೆ ನಿಜವಾಗಿ ಮುಗ್ಗರಿಸ್ತು. ನನ್ನ ಕಾಲ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸ್ತು. ಕೂಗಿದೆ. ಪೆಟ್ಟಿಗೆ ಹಿಡಿ ತಿರುಗಿಸೋನು ಕೂಗೋದು ಚೆನ್ನಾಗಿದೆ ಅಂತ ತಿರುಗಿಸ್ತಾನೇ ಇದ್ದ. ಕೈ ಚಾಚಿದ್ರೆ ಸಿಗೋಷ್ಟು ದೂರದಲ್ಲಿ ನಮ್ಮವರೇ ಬಿದ್ದಿದ್ರು, ಭಾವ. ನಿನಗೂ ಗೊತ್ತಿರೋ ಹುಡುಗರು. ಕಣ್ಣು ಮುಚ್ಚಿ ಸತ್ತಿದ್ರು. ಸಿಳ್ಳೆ ಊದೋವರೆಗೂ ಏಳೋಹಾಗಿಲ್ವಲ್ಲ. ಒಬ್ಬ ಕಣ್ಣು ಮುಚ್ಚಿಕೊಂಡೇ, 'ಚೆನ್ನಾಗಿ ಮಾಡ್ತಿದ್ದೀಯಾ ಕಣೋ' ಅಂದ.

ದೊಡ್ಡಪ್ಪ ಮುಂದೆ ದಾಟಿ ಹೋಗಿದ್ರು. ಪೆಟ್ಟಿಗೆ ಎದುರಿಗೆ ಸಾಹಸ ಮಾಡಬೇಕು ಅಂತ ಬಂದವರು ಪೆಟ್ಟಿಗೆಗೆ ಬೆನ್ನು ಹಾಕಿ ತಿರುಗಿದ್ರು. ಲಗಾಮು ಎಳೆದು ನನ್ನ ಕುದುರೆಯನ್ನ ಎಬ್ಬಿಸಿ, ನನ್ನನ್ನ ಕೆಳಗಿಂದ ಎಳ್ಕೊಂಡ್ರು. ಎತ್ತುವಾಗ ನಮ್ಮಪ್ಪನ ಹೆಸರು ಹಿಡಿದು ಕರೆದ್ರು. ಸತ್ತವರ ಹೆಸರು ಹಾಗೆಲ್ಲಾ ಹಿಡಿಯೋರಲ್ಲ ಅವರು. ಅವರಿಗೆ ನಾನು ಯಾರು ಅಂತ ಗೊತ್ತಿತ್ತೋ ಇಲ್ವೋ, ಎಲ್ಲಿದ್ದೀವಿ ಅಂತ ಗೊತ್ತಿತ್ತೋ ಇಲ್ವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮೂಳೆ ವಾರೆಯಾಗಿ ಕೂಡಿಕೊಂಡಿದೆ. ಅದಕ್ಕೇ ಹೆಣದ ಪಾತ್ರ. ನಾನು ಬರೀಲಿಲ್ಲ, ಯಾಕಂದ್ರೆ ಮನೆ ಬಿಟ್ಟು ಬರುವಾಗ ನಾನು ಹಾರಾಡಿದ್ದು ನಿನಗೆ ನೆನಪಿದೆ. ಕುದುರೆ ಮೇಲೆ ಹೋದವನು ಕುಂಟ್ಕೊಂಡು ಬಂದ ಅಂತ ನೀನು ಸಾಯೋವರೆಗೂ ಆಡಿಕೊಳ್ತೀಯಾ. ಆಡಿಕೊಳ್ಳೋದು ನಿನ್ನ ಧರ್ಮ, ಅದೂ ಗೊತ್ತು.

ಬರ್ತಿದ್ದೀನಿ. ಸಾಕ್ಷಿ ಕರೆದಾಗ ಬೇಗ ಏಳಬೇಕಾ? ನನಗೆ ಬೇಗ ಏಳೋಕಾಗಲ್ಲ.

ಲೆವೈ


ಮುಳ್ಳುಹಂದಿ ಹಳ್ಳ
೧೨ ಜುಲೈ ೧೯೧೪

ಅಗಾಥಾ ಚಿಕ್ಕಮ್ಮ,

ಮಾತು ನನ್ನದೇ, ಅಕ್ಷರ ಭಾವನದು. ನಿಮ್ಮಷ್ಟು ಚೆನ್ನಾಗಿ ಬರೆಯಲ್ಲ, ಮಧ್ಯೆ ಮಧ್ಯೆ ರೊಟ್ಟಿ ತಿಂತಾನೆ.

ಕೂಟದ ದಿನ ಅಮೆರಿಕದ ಬಾವುಟದ ಕೆಳಗೆ ನಮ್ಮ ನಗಾರಿ ಇಟ್ಟಿದ್ರು. ದೊಡ್ಡಪ್ಪ ಎದ್ದರು. ಎಲ್ರೂ ಹೊಳೆಯ ಕಾಳಗ ಹೇಳ್ತಾರೆ ಅಂದ್ಕೊಂಡ್ರು. ಅವರು ಹೇಳಿದ್ದು ಇಷ್ಟು: 'ಚಳಿಗಾಲದಲ್ಲಿ, ಉಪ್ಪುನೀರಿನ ಪಕ್ಕ, ಹೊಗೆಯೊಳಗೆ, ಕುದುರೆ ಕೆಳಗೆ ಸಿಕ್ಕಿದ್ದ ನನ್ನ ಮಗನನ್ನ ಎಳ್ಕೊಂಡು ಬಂದೆ. ಕಂಡವರು ಇದ್ದೀರಾ?'

ನಾನು ಎದ್ದೆ. ಬೇಗ ಅಲ್ಲ. ಕೂಟದ ಮಧ್ಯಕ್ಕೆ ನಡ್ಕೊಂಡು ಹೋದೆ. ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ. ಎಲ್ರೂ ನನ್ನ ಕಾಲನ್ನೇ ನೋಡ್ತಿದ್ರು. 'ನಾನು ಕಂಡೆ. ಕೆಳಗಿಂದ ಕಂಡೆ' ಅಂದೆ. ನಗಾರಿಗೆ ಪೆಟ್ಟು ಬಿತ್ತು. ಆಗ ಭಾವ, 'ಹೆಣ ಎದ್ದಿದೆ, ಓಡ್ರೋ!' ಅಂತ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ನನಗೆ ಜೀವ ಬಂತು.

ದೊಡ್ಡಪ್ಪ ಕೂರಲಿಲ್ಲ. 'ಇದಕ್ಕೆ ಮುಂಚೆ ಒಂದು ಸಲ ಹೀಗೇ ಮಾಡಿದ್ದೆ. ಆವತ್ತು ಎತ್ತಿದ್ದು ಇವನ ಅಪ್ಪನನ್ನ. ಕಂಡವರು ಯಾರೂ ಇಲ್ಲ' ಅಂದ್ರು. ನಗಾರಿಯವನು ಕೋಲು ಎತ್ತಿದವನು ಹಾಗೇ ಹಿಡ್ಕೊಂಡು ಅವರಿವರ ಮುಖ ನೋಡಿದ. ನಾನಿನ್ನೂ ಅಲ್ಲೇ ನಿಂತಿದ್ದೆ. ಆವತ್ತು ನಾನು ಹುಟ್ಟಿರಲಿಲ್ಲ, ಚಿಕ್ಕಮ್ಮ. 'ನಾನು ಕಾಣಲಿಲ್ಲ. ಆದ್ರೆ ಅಪ್ಪ ಅಲ್ಲೇ ಉಳಿದಿದ್ರೆ ಇವತ್ತು ಇಲ್ಲಿ ಯಾರು ನಿಂತಿರ್ತಿದ್ರು?' ಅಂದೆ. ಅದು ಸಾಕ್ಷಿಯೋ ಅಲ್ವೋ, ಹಿರಿಯರು ಇನ್ನೂ ವಾದ ಮಾಡ್ತಿದ್ದಾರೆ. ಕೋಲು ಮಾತ್ರ ಕೆಳಗಿಳೀತು. ಸದ್ದು ಹಳ್ಳದ ಆಚೆವರೆಗೂ ಹೋಯ್ತು.

ಇನ್ನು ಅಲ್ಲಿಗೆ ಬರಲ್ಲ. ನನ್ನ ಹೊದಿಕೆ ಯಾರಿಗಾದ್ರೂ ಕೊಟ್ಟುಬಿಡಿ.

ಲೆವೈ

ಬರೆದವನ ಮಾತು: ಚಿಕ್ಕಮ್ಮ, ಇದನ್ನು ಅವನು ಹೇಳಲಿಲ್ಲ, ನಾನೇ ಬರೆಯುತ್ತಿದ್ದೇನೆ. ಆ ಹುಡುಗಿಯನ್ನು ಆಮೇಲೆ ಚಿತ್ರಕ್ಕೆ ಅಂಟಿಸಿದ್ದಾರೆ ಎಂದು ದೊಡ್ಡಪ್ಪನಿಗೆ ನಾವಿಬ್ಬರೂ ಹೇಳಿ ಸಾಕಾಗಿದ್ದೇವೆ. ತಲೆ ಆಡಿಸುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳುತ್ತಾರೆ. ಅವರ ಪ್ರಶ್ನೆಗೆ ಉತ್ತರ ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ: ಅಷ್ಟೊಂದು ಕಿರುಚುತ್ತಿದ್ದಳಲ್ಲ, ಅವಳಿಗಾಗಿ ಯಾರಾದರೂ ಹಿಂದಕ್ಕೆ ತಿರುಗಿದರೇ? — ಇನೋಸ್